ಸೊನ್ನೆ ಕಲಿತ ತಾಯತ

ತೋಳಿಗೆ ಕಟ್ಟಿದ ಪಟ್ಟಿ ಮೂರು ಸಲ ಗುಂಯ್‌ಗುಟ್ಟಿ ಸುಮ್ಮನಾಯಿತು. ಅದರ ಪುಟ್ಟ ಗಾಜಿನ ಮೇಲೆ ಹಸಿರು ಅಂಕಿಯೊಂದು ಮೂಡಿತು.

"ಒಂದು," ಎಂದು ಡಾಕ್ಟರ್ ನಿಖಿಲ ಹೊಂಬಳ ಗಟ್ಟಿಯಾಗಿ ಓದಿದ. ತಲೆಯಿಂದ ಕಾಲಿನವರೆಗೆ ಸೋಂಕುಗವಸು ತೊಟ್ಟಿದ್ದರಿಂದ ಅವನ ಮುಖ ಅರ್ಧ ಮಾತ್ರ ಕಾಣುತ್ತಿತ್ತು. ಕಾಣುತ್ತಿದ್ದ ಅರ್ಧದಲ್ಲಿ ಅನುಮಾನದ ಸುಳಿವೂ ಇರಲಿಲ್ಲ.

"ಇನ್ನೊಮ್ಮೆ ನೋಡ್ರಿ," ಎಂದಳು ತೇಜಸ್ವಿನಿ.

"ಎರಡು ಸಲ ನೋಡೇನಿ. ಎರಡೂ ಸಲ ಒಂದ ಬಂದೈತಿ."

"ಮೂರನೇ ಸಲ ನೋಡಿದ್ರ ನಿಮ್ಮ ಗಂಟೇನು ಹೋಗತೈತ್ರಿ?"

ಬೆಟಗೇರಿಯ ಆ ಮನೆಯ ನಡುಮನೆಯಲ್ಲಿ ನಾಲ್ಕು ಜನರಿದ್ದರು. ಮಣೆಯ ಮೇಲೆ ಕುಳಿತವಳು ತೇಜಸ್ವಿನಿ ಗಾಣಿಗೇರ, ವಯಸ್ಸು ನಲವತ್ತಾರು, ಕಸುಬು ಜೋಳದ ರೊಟ್ಟಿ ಬಡಿಯುವುದು. ಬಾಗಿಲಿಗೆ ಒರಗಿ ನಿಂತವನು ಅವಳ ಗಂಡ ಸಚಿನ್. ಮಂಚದ ಮೇಲೆ ಅತ್ತೆ ಶಿವಲೀಲಾ. ಎದುರಿನ ಕುರ್ಚಿಯಲ್ಲಿ ಹೊಂಬಳ, ಈ ಪಟ್ಟಿಯನ್ನು ಕಂಡುಹಿಡಿದವನು. ಸಾಮಾನ್ಯವಾಗಿ ಇಂಥ ಕೆಲಸಕ್ಕೆ ಕಿರಿಯ ಸಿಬ್ಬಂದಿ ಬರುತ್ತಾರೆ. ಆದರೆ 'ಪಟ್ಟಿ ಸುಳ್ಳು ಹೇಳುತ್ತಿದೆ' ಎಂಬ ದೂರುಗಳು ಎಲ್ಲ ಊರುಗಳಿಗಿಂತ ಬೆಟಗೇರಿಯಿಂದಲೇ ಹೆಚ್ಚು ಬರುತ್ತಿದ್ದುದರಿಂದ ಹೊಂಬಳ ಧಾರವಾಡದ ಪ್ರಯೋಗಾಲಯ ಬಿಟ್ಟು ತಾನೇ ಬಂದಿದ್ದ. ವಿಚಾರಿಸಲು ಬಂದಿದ್ದ ಎಂದು ತಿಳಿಯಬೇಡಿ. ದೂರು ಕೊಟ್ಟವರ ಬಾಯಿ ಮುಚ್ಚಿಸಲು ಬಂದಿದ್ದ.

ಪಟ್ಟಿಯ ಸರಕಾರಿ ಹೆಸರು ವೇದನಾಮಾಪಕ. ತೋಳಿಗೆ ಕಟ್ಟುತ್ತಾರೆಂದು ಜನ ಅದನ್ನು ತಾಯತ ಎಂದು ಕರೆದರು. ನೋವಾದಾಗ ದೇಹ ಸುಮ್ಮನಿರುವುದಿಲ್ಲ. ಬೆವರಿನಲ್ಲಿ ಕೆಲವು ಪ್ರೋಟೀನುಗಳು ಹೆಚ್ಚುತ್ತವೆ, ಸ್ನಾಯುಗಳು ಕಣ್ಣಿಗೆ ಕಾಣದಷ್ಟು ಸಣ್ಣಗೆ ಅದುರುತ್ತವೆ, ಚರ್ಮದ ವಾಹಕತೆ, ಅಂದರೆ ಕರೆಂಟನ್ನು ಹಾಯಗೊಡುವ ಗುಣ, ಏರಿಳಿಯುತ್ತದೆ. ತಾಯತ ಈ ಮೂರನ್ನೂ ಅಳೆದು, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಕೊಡುತ್ತಿತ್ತು. ಅದಕ್ಕೆ ಮುಂಚೆ ವೈದ್ಯರು ರೋಗಿಯನ್ನೇ 'ಹತ್ತರಲ್ಲಿ ಎಷ್ಟು ನೋವು?' ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಹೊಂಬಳನಿಗೆ ಆ ಪ್ರಶ್ನೆಯನ್ನು ಕಂಡರಾಗುತ್ತಿರಲಿಲ್ಲ. ಮನುಷ್ಯ ತನ್ನ ನೋವಿನ ಬಗ್ಗೆ ಹೇಳುವ ಮಾತು ವಿಜ್ಞಾನಕ್ಕೆ ಬಾರದು, ಅವನನ್ನು ಕೇಳುವುದನ್ನೇ ನಿಲ್ಲಿಸಬೇಕು ಎಂಬುದು ಅವನ ಇಪ್ಪತ್ತು ವರ್ಷದ ಹಟ.

ಹಟ ಫಲಿಸಿದ್ದು ಒಣಜ್ವರ ಬಂದಾಗ. 2061ರಲ್ಲಿ ಉಸಿರಿನಿಂದ ಹರಡುವ ಆ ಜ್ವರಕ್ಕೆ ಹೆದರಿ ಇಡೀ ರಾಜ್ಯವನ್ನು ಮನೆಯೊಳಗೆ ಕೂರಿಸಲಾಯಿತು. ಅದರ ಉಸ್ತುವಾರಿಗೆ ಗೃಹವಾಸ ಪ್ರಾಧಿಕಾರ ಎಂಬ ಕಚೇರಿ ಹುಟ್ಟಿತು. ತಿಂಗಳುಗಳು ಉರುಳಿದಂತೆ ಜನರಿಗೆ ಜ್ವರಕ್ಕಿಂತ ಬೆನ್ನು, ಕುತ್ತಿಗೆ, ಸೊಂಟಗಳೇ ದೊಡ್ಡ ಕಾಟವಾದವು. ನಿದ್ದೆ ಕೆಟ್ಟಿತು, ಮಾತು ಮಾತಿಗೆ ಸಿಟ್ಟು, ಅಳು. ಎಲ್ಲರೂ ಹೊರಗೆ ಬಿಡಿ ಎಂದರು. ಎಲ್ಲರನ್ನೂ ಬಿಡುವ ಹಾಗಿಲ್ಲ. ಆಗ ಪ್ರಾಧಿಕಾರ ತಾಯತವನ್ನು ಹಿಡಿದುಕೊಂಡಿತು. ಐದು ಅಥವಾ ಹೆಚ್ಚು ಬಂದವರಿಗೆ ದಿನಕ್ಕೆರಡು ತಾಸು ಹೊರಗೆ ಹೋಗುವ ಪಾಸು, ಮನೆಗೆ ಬಂದು ಕೈಕಾಲು ಆಡಿಸಿ ನೋವು ಬಿಡಿಸುವ ಫಿಸಿಯೋಥೆರಪಿ. ನಾಲ್ಕು ಅಥವಾ ಕಡಿಮೆ ಬಂದವರಿಗೆ ಏನೂ ಇಲ್ಲ. ಮೂರು ಸಲ ದೂರು ಕೊಟ್ಟು ಮೂರೂ ಸಲ ಐದು ದಾಟದವರ ಹೆಸರನ್ನು ಗೃಹವಾಸ ಮುಗಿಯುವವರೆಗೂ ಚಿಕಿತ್ಸೆಯ ಪಟ್ಟಿಯಿಂದ ತೆಗೆಯುವುದು. ತೇಜಸ್ವಿನಿಯದು ಇದು ಮೂರನೆಯ ದೂರು.

ಅವಳ ಬಲಗೈ ಎದೆಯ ಮಟ್ಟ ದಾಟಿ ಮೇಲೇಳುತ್ತಿರಲಿಲ್ಲ. ಭುಜದ ಕೀಲಿನ ಸುತ್ತಲಿನ ಪೊರೆ ಬಿಗಿಯುತ್ತಿದೆ, ಬಲ್ಲವರ ಕೈಯಲ್ಲಿ ಬೇಗ ಬಿಡಿಸಿಕೊಳ್ಳದಿದ್ದರೆ ಹಾಗೇ ಸೆಟೆದುಕೊಳ್ಳುತ್ತದೆ ಎಂದು ಓಣಿಯ ನರ್ಸ್ ಫೋನಿನಲ್ಲಿ ಹೇಳಿದ್ದಳು. ಆ ಕೈಯೇ ಅವಳ ಕಸುಬು.

"ಯಂತ್ರನ ಒಂದು ಅಂದಮ್ಯಾಲ ಮುಗೀತಲ್ಲ," ಎಂದ ಸಚಿನ್. "ಸಾಹೇಬ್ರ ಟೈಮ್ ಯಾಕ ತಿಂತಿ?"

"ನನಗ ಏಳು ಬಂದೈತಿ," ಎಂದಳು ಶಿವಲೀಲಾ, ಪರೀಕ್ಷೆಯಲ್ಲಿ ಪಾಸಾದವಳ ಹಾಗೆ. ಅವಳ ಕೊರಳಲ್ಲಿ ಪಾಸು ತೂಗಾಡುತ್ತಿತ್ತು. ದಿನಾ ಸಂಜೆ ಅವಳು ಕೆರೆ ದಂಡೆಯವರೆಗೆ ನಡೆದು ಬರುತ್ತಿದ್ದಳು. "ನನ್ನ ಮೊಣಕಾಲು ನನಗ ಗೊತ್ತು. ಈಕಿಗೆ ಏನಾಗೇತಿ, ಗಟ್ಟಿಮುಟ್ಟ ಅದಾಳ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ತಾಯತ ಬಂದ ಮೇಲೆ ಎರಡೂ ಕಾಲ ಅತ್ತೆಗೇ ಸೇರಿದ್ದವು.

ತೇಜಸ್ವಿನಿ ಎದ್ದು ಗೋಡೆಯ ಕಪಾಟಿನ ಮುಂದೆ ನಿಂತಳು. "ಮ್ಯಾಲ ಉಪ್ಪಿನ ಡಬ್ಬಿ ಐತಿ. ತಗೀತೀನಿ, ನೋಡ್ರಿ." ಬಲಗೈ ಎತ್ತಿದಳು. ಎದೆಯ ಹತ್ತಿರ ಅದು ನಿಂತಿತು. ತುಟಿ ಕಚ್ಚಿ ಇನ್ನೆರಡು ಬೆರಳು ಮೇಲೆ ತಂದಳು. ಹಣೆಯ ಮೇಲೆ ಬೆವರು ಮೂಡಿತು.

ಹೊಂಬಳ ಅವಳ ಕೈ ನೋಡಲಿಲ್ಲ. ತಾಯತದ ಗಾಜನ್ನು ನೋಡಿದ. ಅದು ಇನ್ನೂ ಒಂದು ಎನ್ನುತ್ತಿತ್ತು. "ಎತ್ತೂ ಮನಸ್ಸಿಲ್ಲಂದ್ರ ಯಾರ ಕೈನೂ ಏಳಂಗಿಲ್ರಿ," ಎಂದ.

"ಅಂದ್ರ ನಾ ನಾಟಕ ಮಾಡಾಕತ್ತೀನಿ?"

"ನಾ ಹಂಗ ಅಂದಿಲ್ಲ. ಮಾಪಕ ಅಂದೈತಿ. ಯಂತ್ರಕ್ಕ ಸುಳ್ಳು ಹೇಳಾಕ ಬರಂಗಿಲ್ಲ."

ಒಲೆಯ ಮೇಲೆ ಹಿಟ್ಟು ನಾದಲಿಕ್ಕೆ ಇಟ್ಟ ಎಸರು ಕುದಿಯುತ್ತಿತ್ತು. ತೇಜಸ್ವಿನಿ ಎಡಗೈಯಿಂದ ತಾಯತ ಬಿಚ್ಚಿ, ನಾಲ್ಕು ಹೆಜ್ಜೆ ನಡೆದು, ಅದನ್ನು ಕುದಿಯುವ ನೀರಿಗೆ ಬಿಟ್ಟಳು. ಗಾಜು ಟಪ್ಪೆಂದು ಒಡೆಯಿತು.

"ಈಗ ಕೇಳ್ರಿ ಅದನ್ನ, ಎಷ್ಟು ನೋವಾತು ಅಂತ," ಎಂದಳು.

ಸರಕಾರಿ ಉಪಕರಣ ಹಾಳುಮಾಡಿದ್ದಕ್ಕೆ ವರದಿ ಬರೆಯಬೇಕಾಯಿತು. ಧಾರವಾಡಕ್ಕೆ ಮರಳಿದ ಹೊಂಬಳ ಸಿಟ್ಟಿನಲ್ಲಿಯೇ ಅವಳ ಕಡತ ತೆರೆದ. ಮೊದಲ ಪುಟದ ಮೂಲೆಯಲ್ಲಿ ಒಂದು ಸಾಲಿತ್ತು: ಪಾಠದ ಸ್ವಯಂಸೇವಕಿ, ಸಂಖ್ಯೆ ಮುನ್ನೂರ ಹದಿನೇಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಾಯತಕ್ಕೆ ಬೆವರು, ಅದುರು, ವಾಹಕತೆಗಳನ್ನು ಅಳೆಯುವುದು ಮಾತ್ರ ಗೊತ್ತು. ಇಷ್ಟು ಬೆವರು, ಇಷ್ಟು ಅದುರು ಇದ್ದರೆ ಎಷ್ಟು ನೋವು ಎಂಬುದನ್ನು ಯಾರಾದರೂ ಅದಕ್ಕೆ ಕಲಿಸಬೇಕು. ಕಲಿಸುವ ದಾರಿ ಒಂದೇ. ಸಾವಿರಾರು ಜನರ ದೇಹದ ಲೆಕ್ಕವನ್ನೂ ಅವರೇ ಬಾಯಿಬಿಟ್ಟು ಹೇಳಿದ ಅಂಕಿಯನ್ನೂ ಜೋಡಿ ಮಾಡಿ ಯಂತ್ರದ ಮುಂದಿಡುವುದು. ಜೋಡಿಗಳನ್ನು ನೋಡಿ ನೋಡಿ ಅದು ಲೆಕ್ಕ ಹಿಡಿಯುತ್ತದೆ. ಅಂದರೆ ಮನುಷ್ಯನನ್ನು ಕೇಳುವುದನ್ನು ನಿಲ್ಲಿಸಬೇಕೆಂದು ಹೊರಟ ಹೊಂಬಳ ಮೊದಲು ಸಾವಿರದ ನೂರು ಮನುಷ್ಯರನ್ನು ಕೇಳಬೇಕಾಗಿ ಬಂದಿತ್ತು. ಗೃಹವಾಸದ ಮೂರನೆಯ ತಿಂಗಳು ಅದು. ಪ್ರಾಧಿಕಾರಕ್ಕೆ ಅವಸರ. ಪಟ್ಟಿಗಳನ್ನು ಅಂಚೆಯಲ್ಲಿ ಕಳಿಸಿ, ವಿಡಿಯೋ ಕರೆಯಲ್ಲಿ ದಿನಕ್ಕೆ ಅರವತ್ತು ಜನರನ್ನು ಹೊಂಬಳ ತಾನೇ ಕೇಳಿದ್ದ. ವಯಸ್ಸು, ಹೆಣ್ಣೋ ಗಂಡೋ, ಮನೆಯಲ್ಲಿ ಅತ್ತೆಯೋ ಸೊಸೆಯೋ ಎಂಬುದನ್ನೂ ನಿಖರತೆಗೆಂದು ಸೇರಿಸಿದ್ದ.

ಮುನ್ನೂರ ಹದಿನೇಳನೆಯ ಕರೆ ತೆರೆಯಿತು. ಅದೇ ನಡುಮನೆ, ಅದೇ ಮಂಚ. ಫೋನನ್ನು ಬೇರೆ ಯಾರೋ ಹಿಡಿದಿದ್ದಾರೆ, ಅವರ ಬಳೆ ಪರದೆಯ ಅಂಚಿನಲ್ಲಿ ಕಾಣುತ್ತದೆ. ತೇಜಸ್ವಿನಿ ಸೆರಗು ಸರಿಮಾಡಿಕೊಂಡು ಕುಳಿತಿದ್ದಾಳೆ. ಕೆಳಗೆ, ಪಟ್ಟಿ ಅಳೆದ ಅವಳ ದೇಹದ ಲೆಕ್ಕದ ಗೆರೆ ಗುಡ್ಡದ ಹಾಗೆ ಎದ್ದಿದೆ.

"ಆರಾಮ ಅದೀರಲ್ರಿ?" ಇದು ಹೊಂಬಳನದೇ ಧ್ವನಿ.

"ಹೂಂ ರೀ, ಆರಾಮ."

"ಮೈಕೈ ನೋವು ಏನರ ಐತೇನ್ರಿ? ಸೊನ್ನಿಯಿಂದ ಹತ್ತರೊಳಗ ಹೇಳ್ರಿ."

ಅವಳ ಕಣ್ಣು ಬಳೆಯಿದ್ದ ಕಡೆಗೆ ಹೊರಳಿತು. ಗೆರೆ ಇನ್ನೂ ಮೇಲೇರಿತು.

"ಸೊನ್ನಿ ಬರಕೋರಿ."

"ಭಾಳ ಛಲೋ," ಎಂದಿತು ಹೊಂಬಳನ ಧ್ವನಿ. ಒಟ್ಟು ನಲವತ್ತು ಸೆಕೆಂಡು. ಅಂದಿನ ಅರವತ್ತರಲ್ಲಿ ಎಲ್ಲಕ್ಕಿಂತ ಬೇಗ ಮುಗಿದ ಕರೆ ಅದು ಎಂದು ಅವನಿಗೆ ಸಂತೋಷವಾಗಿದ್ದೂ ನೆನಪಾಯಿತು.

ಹೊಂಬಳ ವರದಿ ಬರೆಯುವುದನ್ನು ಬಿಟ್ಟು ಮೂರು ದಿನ ಹಳೆಯ ಕರೆಗಳನ್ನು ನೋಡಿದ. ಸಾವಿರದ ನೂರರಲ್ಲಿ ಸೊಸೆಯಂದಿರು ಇನ್ನೂರ ಹದಿನಾಲ್ಕು. ಅವರಲ್ಲಿ ನೂರ ಎಂಬತ್ತೊಂಬತ್ತು ಮಂದಿ ಸೊನ್ನೆ ಅಥವಾ ಒಂದು ಎಂದಿದ್ದರು. ಪ್ರತಿಯೊಂದು ಕರೆಯಲ್ಲೂ ಪರದೆಯ ಆಚೆ ಯಾರೋ ಇದ್ದರು. ಒಂದು ಕೆಮ್ಮು, ಬಸಿಯ ಮೇಲೆ ಕಪ್ಪು ಇಟ್ಟ ಸದ್ದು, 'ಏನಂತ ಅವರದು?' ಎಂಬ ಗಂಡಸಿನ ಪ್ರಶ್ನೆ. ಅತ್ತೆಯಂದಿರ ಕರೆಗಳು ಹಾಗಿರಲಿಲ್ಲ. ಅವರು ಎಲ್ಲರೆದುರೂ ಎಂಟು, ಒಂಬತ್ತು ಎಂದು ಧಾರಾಳವಾಗಿ ಹೇಳಿದ್ದರು. ಅವರನ್ನು ಯಾರೂ ಬೈಯುವವರಿಲ್ಲವಲ್ಲ. ಯಂತ್ರ ಪಾಠವನ್ನು ಚಾಚೂ ತಪ್ಪದೆ ಕಲಿತಿತ್ತು. ಮನೆಯ ಸೊಸೆಯ ಮೈ ಎಷ್ಟೇ ಅದುರಲಿ, ಅದು ನೋವಲ್ಲ. ಸುಳ್ಳು ಹೇಳಲು ಬಾರದ ಯಂತ್ರ ಸುಳ್ಳನ್ನೇ ಬಾಯಿಪಾಠ ಮಾಡಿಕೊಂಡು ಕುಳಿತಿತ್ತು.

ಪ್ರಾಧಿಕಾರದ ಮುಖ್ಯಸ್ಥೆ ಇನಾಮದಾರ ಮೇಡಂ ಅವನ ಮಾತನ್ನು ಫೋನಿನಲ್ಲಿ ಪೂರ್ತಿ ಕೇಳಿದಳು.

"ಇದನ್ನ ತಿದ್ದಿದರೆ ಎಷ್ಟು ಜನ ಐದು ದಾಟ್ತಾರೆ?"

"ರಾಜ್ಯದಾಗ ಅಂದಾಜು ಹನ್ನೊಂದು ಲಕ್ಷ ಹೆಣ್ಣುಮಕ್ಕಳು, ಮೇಡಂ."

"ಹನ್ನೊಂದು ಲಕ್ಷ ಜನಾನ ಬೀದಿಗೆ ಬಿಟ್ಟು, ಜ್ವರ ಏರಿದರೆ ಉತ್ತರ ನೀವು ಕೊಡ್ತೀರಾ?"

"ಅವರಿಗೆ ನೋವೈತಿ, ಮೇಡಂ."

"ಹದಿನಾಲ್ಕು ತಿಂಗಳಿಂದ ಇಲ್ಲ ಅಂತ ಬರೆದುಕೊಟ್ಟವರು ನೀವೇ," ಎಂದಳು ಅವಳು. "ತಪ್ಪಾಗಿದೆ ಅಂತ ಬರಿಗೈಲಿ ಬರಬೇಡಿ. ಮೂವತ್ತು ಜನರನ್ನ ಹೊಸದಾಗಿ ಕೇಳಿ, ಯಂತ್ರಕ್ಕೆ ಮತ್ತೆ ಪಾಠ ಮಾಡಿ, ತಿದ್ದಿದ್ದನ್ನ ತನ್ನಿ. ಆಮೇಲೆ ನೋಡೋಣ." ಗೃಹವಾಸಕ್ಕೆ ಹದಿನಾಲ್ಕು ತಿಂಗಳು, ತಾಯತಕ್ಕೆ ಹನ್ನೊಂದೇ ಎಂದು ತಿದ್ದಬೇಕೆನಿಸಿತು ಹೊಂಬಳನಿಗೆ.

ಅವನು ಮತ್ತೆ ಬೆಟಗೇರಿಗೆ ಬಂದಾಗ ತೇಜಸ್ವಿನಿ ಬಾಗಿಲು ತೆರೆಯಲಿಲ್ಲ. ಅಡುಗೆಮನೆಯ ಕಿಟಕಿಯ ಹೊರಗೆ ನಿಂತು ಮಾತಾಡಬೇಕಾಯಿತು. ಶಿವಲೀಲಾ ಕೆರೆ ದಂಡೆಗೆ ಹೋಗಿದ್ದಳು. ಒಳಗೆ ಎಡಗೈಯಿಂದ ರೊಟ್ಟಿ ಬಡಿಯುವ ಸದ್ದು ತಡವರಿಸುತ್ತ ಬರುತ್ತಿತ್ತು.

"ತಪ್ಪು ನಂದೈತ್ರಿ," ಎಂದು ಶುರುಮಾಡಿ ಅವನು ಎಲ್ಲವನ್ನೂ ಹೇಳಿದ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಾ ಸೊನ್ನಿ ಅಂದಿದ್ದು ನನಗ ನೆನಪೈತಿ," ಎಂದಳು ಕೊನೆಗೆ.

"ಯಾಕ ಅಂದ್ರಿ?"

"ನೀವು ಯಾರ ಮುಂದ ಕೇಳಿದ್ರಿ?"

ಅವಳು ಇನ್ನೊಂದು ಉಂಡೆ ಹಿಟ್ಟು ಕೈಗೆತ್ತಿಕೊಂಡಳು.

"ಅತ್ತಿ ಫೋನ್ ಹಿಡದು ನಿಂತಿದ್ರು. ಅವರ ಮುಂದ ತೋಳು ನೋಯತೈತಿ ಅಂದ್ರ, ಮನಿ ಮಾನ ಸರಕಾರದ ಮುಂದ ಕಳದಿ ಅಂತ ವಾರಗಟ್ಟಲೆ ಅದ ಮಾತು. ಅದೂ ಬಿಡ್ರಿ. ಪರಮಂದಿ 'ಆರಾಮ ಅದೀರಿ?' ಅಂದ್ರ ನಮ್ಮ ಕಡೆ ಏನ್ ಅಂತಾರ? ನಿಮ್ಮ ಅಡ್ಡಹೆಸರು ಹೊಂಬಳ. ಇಲ್ಲಿಂದ ಕೂಗಿದ್ರ ಕೇಳೂ ಊರು. ಬೆಂಗಳೂರಾಗ ಹುಟ್ಟಿದವರು ಕೇಳಿದ್ರ ಗೊತ್ತಿಲ್ಲ ಅನ್ನಬಹುದಿತ್ತು. ನಿಮಗ ಗೊತ್ತಿರಲಿಲ್ಲೇನು?"

ಗೊತ್ತಿತ್ತು. ಅವನ ತಾಯಿ ಪಿತ್ತಕೋಶದಲ್ಲಿ ಕಲ್ಲಿಟ್ಟುಕೊಂಡು ಎರಡು ವರ್ಷ ಬಂದವರಿಗೆಲ್ಲ ಆರಾಮ ಎಂದಿದ್ದಳು. ಮನುಷ್ಯರ ಮಾತಿನ ಮೇಲೆ ಅವನಿಗೆ ನಂಬಿಕೆ ಹೋದದ್ದು ಆಗಲೇ. ಆದರೆ ಯಂತ್ರಕ್ಕೆ ಪಾಠ ಹೇಳುವಾಗ ಅದೇ ಮಾತನ್ನು ಅವನು ಕಣ್ಣುಮುಚ್ಚಿ ನಂಬಿದ್ದ. ಬೇಗ ಮುಗಿಯುತ್ತಿತ್ತು, ಅದಕ್ಕೇ ನಂಬಿದ್ದ.

"ಈಗ ಖರೇ ಹೇಳ್ರಿ. ಎಷ್ಟೈತಿ?"

"ಹೇಳಂಗಿಲ್ಲ."

"ಹೇಳದಿದ್ರ ಮಾಪಕ ಹೆಂಗ ಕಲೀಬೇಕ್ರಿ?"

"ಅದು ಕಲೀದಿದ್ರ ನನಗೇನಾಗತೈತಿ? ನನ್ನ ಹೆಸರು ಹೊಡದ್ರಲ್ಲ." ರೊಟ್ಟಿ ಅವಳ ಕೈಯಲ್ಲಿ ಹರಿಯಿತು. ಅದನ್ನು ಮುದ್ದೆ ಮಾಡಿ ಪಕ್ಕಕ್ಕೆಸೆದಳು. "ಕೇಳೂದಿದ್ರ ರೊಟ್ಟಿ ಕೇಂದ್ರದಾಗ ಕೇಳ್ರಿ. ನಾವು ಮೂವತ್ತು ಮಂದಿ ಅದೀವಿ. ಕೇಂದ್ರದ ಬೀಗ ತಗಸ್ರಿ, ಹಂಚು ಹೊತ್ತಸ್ರಿ. ಗಂಡಸ್ರು ಬರಬಾರದು, ಅತ್ತಿಯರು ಬರಬಾರದು. ಒಬ್ಬೊಬ್ಬರನ್ನ ಒಳಗ ಕರದು, ಬಾಗಿಲಾ ಹಾಕಿ ಕೇಳ್ರಿ. ಹಂಗ ಕೇಳಿದ್ರ ಹೇಳತೀವಿ."

ರೊಟ್ಟಿ ಕೇಂದ್ರ ಎಂದರೆ ಓಣಿಯ ಕೊನೆಯಲ್ಲಿದ್ದ ತಗಡಿನ ಉದ್ದನೆಯ ಶೆಡ್ಡು. ಗೃಹವಾಸಕ್ಕೆ ಮುಂಚೆ ಅಲ್ಲಿಂದ ಹೊಟೇಲುಗಳಿಗೆ ದಿನಕ್ಕೆ ಮೂರೂವರೆ ಸಾವಿರ ರೊಟ್ಟಿ ಹೋಗುತ್ತಿದ್ದವು. ಅಲ್ಲೊಂದು ಪದ್ಧತಿಯಿತ್ತು, 'ಹಂಚು ಬದಲಿ' ಎನ್ನುತ್ತಿದ್ದರು. ಇಪ್ಪತ್ತು ರೊಟ್ಟಿ ಬಡಿದವಳು ಎದ್ದು ಬೇಯಿಸಲು ಹೋಗಬೇಕು, ಬೇಯಿಸುತ್ತಿದ್ದವಳು ಎಣಿಸಿ ಕಟ್ಟಲು ಹೋಗಬೇಕು, ಕಟ್ಟುತ್ತಿದ್ದವಳು ಬಂದು ಬಡಿಯಲು ಕೂರಬೇಕು. ಯಾವ ಪುಸ್ತಕ ಓದಿ ಮಾಡಿದ್ದೂ ಅಲ್ಲ. ಒಬ್ಬಳೇ ಹಂಚಿನ ಮುಂದೆ ಬೇಯಬಾರದು ಎಂಬ ಜಗಳದಿಂದ ಹುಟ್ಟಿದ ನಿಯಮ. ಗೃಹವಾಸ ಬಂದ ಮೇಲೆ ಹಿಟ್ಟು ಮನೆಗೇ ಬಂತು, ರೊಟ್ಟಿ ಒಯ್ಯಲು ಚಾಲಕನಿಲ್ಲದ ಗಾಡಿ ಬಾಗಿಲಿಗೆ ಬಂತು. ಎಲ್ಲರೂ ಇದನ್ನು ಅನುಕೂಲ ಎಂದರು. ತೇಜಸ್ವಿನಿ ಗೋಡೆಯತ್ತ ಮುಖಮಾಡಿ ಕುಳಿತು, ಒಂದೇ ಪಟ್ಟಿನಲ್ಲಿ ನೂರ ಇಪ್ಪತ್ತು ರೊಟ್ಟಿ ಬಡಿಯತೊಡಗಿದಳು. ನಡೆಯುವುದು ನಿಂತಿತು, ಏಳುವುದು ನಿಂತಿತು, ಬೈದಾಡುವುದಕ್ಕೂ ಪಕ್ಕದಲ್ಲಿ ಯಾರಿಲ್ಲ. ಮೊದಲು ನಿದ್ದೆ ಹೋಯಿತು. ಆಮೇಲೆ ನಗು. ಆಮೇಲೆ ಭುಜ.

ಹೊಂಬಳ ಅನುಮತಿ ತಂದ. ಕಿಟಕಿಗಳನ್ನು ತೆರೆದಿಟ್ಟು, ಎರಡೆರಡು ಮಾರು ದೂರ ಕೂರಿಸಿ, ದಿನಕ್ಕೆ ನಾಲ್ಕು ತಾಸು, ಆರು ವಾರ. ಕಾಗದದಲ್ಲಿ ಅದರ ಹೆಸರು 'ಮಾಪಕದ ಮರುಪಾಠ'.

ಹಿಟ್ಟಿನ ಚೀಲಗಳಿದ್ದ ಕೋಣೆಯಲ್ಲಿ ಅವನು ಒಬ್ಬೊಬ್ಬರನ್ನೇ ಕೇಳಿದ. ಆರಾಮ ಇದ್ದೀರಾ ಎಂದು ಯಾರನ್ನೂ ಕೇಳಲಿಲ್ಲ. ಎಲ್ಲಿ ನೋಯುತ್ತದೆ ಎಂದು ಕೇಳಿ, ಪೆನ್ನು ಕೆಳಗಿಟ್ಟು ಕಾದ. ಏಳು, ಎಂಟು, ಆರು, ಎಂಟು. ಸ್ವಾತಿ ಹಡಪದ ಎಂಬವಳು ರೂಢಿಯಂತೆ ಸೊನ್ನೆ ಎಂದು ಎದ್ದುಹೋದಳು. ಬಾಗಿಲ ಚಿಲಕ ತೆಗೆದವಳು ಹಾಗೇ ನಿಂತಳು. ಮತ್ತೆ ಚಿಲಕ ಹಾಕಿ ಬಂದು ಕುಳಿತು, "ಎಂಟ್ರಿ. ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ," ಎಂದಳು. ತೇಜಸ್ವಿನಿ ಕೊನೆಗೆ ಬಂದಳು. ಒಂಬತ್ತು ಎಂದಳು.

ಮೊದಲ ವಾರ ಶೆಡ್ಡಿನಲ್ಲಿ ರಣರಂಗ. ಮನೆಗಳಲ್ಲಿ ನುಂಗಿಕೊಂಡಿದ್ದ ಸಿಟ್ಟೆಲ್ಲ ಅಲ್ಲಿ ಹೊರಬಿತ್ತು. ಯಾರ ಹಂಚು ಯಾರು ತೆಗೆದುಕೊಂಡರು, ಯಾರು ಯಾರ ಮಗಳ ಮದುವೆಗೆ ಫೋನಿನಲ್ಲೂ ಹರಸಲಿಲ್ಲ ಎಂದು ಹೊಡೆದಾಟದವರೆಗೆ ಹೋಯಿತು. ಅವರೇ ಏರ್ಪಡಿಸಿಕೊಂಡ ಹಂಚು ಬದಲಿ ಮಾತ್ರ ತಪ್ಪಲಿಲ್ಲ. ಬೈಯುತ್ತಲೇ ಏಳುತ್ತಿದ್ದರು, ಬೈಯುತ್ತಲೇ ಜಾಗ ಬದಲಿಸುತ್ತಿದ್ದರು. ಎರಡನೆಯ ವಾರದಿಂದ, ಅವರ ಉತ್ತರಗಳಿಂದ ಮರುಪಾಠ ಕಲಿತ ತಾಯತದ ಅಂಕಿಗಳು ಇಳಿಯತೊಡಗಿದವು. ಹೊಂಬಳ ಯಂತ್ರ ಕೆಟ್ಟಿತೆಂದು ಭಾವಿಸಿ ಎರಡು ಸಲ ಬಿಚ್ಚಿ ನೋಡಿದ. ಯಂತ್ರ ಸರಿಯಾಗಿತ್ತು. ನಿದ್ದೆಗೆಟ್ಟು, ನಡಿಗೆ ನಿಂತು, ಒಂಟಿಯಾದ ದೇಹದಲ್ಲಿ ಮಿದುಳು ನೋವಿನ ಸುದ್ದಿಯನ್ನು ರೇಡಿಯೋದ ಕಿವಿ ತಿರುವಿದ ಹಾಗೆ ದೊಡ್ಡದು ಮಾಡಿಕೊಳ್ಳುತ್ತದೆ. ಈ ಹೆಂಗಸರು ಎದ್ದು ಓಡಾಡಿ, ಜಗಳವಾಡಿ, ದಣಿದು ಮಲಗಿ ಅದನ್ನು ಹಿಂದಕ್ಕೆ ತಿರುವಿದ್ದರು. ಆರು ವಾರ ಮುಗಿಯುವಾಗ ಸರಾಸರಿ ಏಳರಿಂದ ನಾಲ್ಕಕ್ಕೆ ಬಂದಿತ್ತು. 'ಯಾವ ಔಷಧವನ್ನೂ ಕೊಟ್ಟಿಲ್ಲ' ಎಂದು ಅವನು ವರದಿಯಲ್ಲಿ ಅಡಿಗೆರೆ ಎಳೆದು ಬರೆದ.

ತೇಜಸ್ವಿನಿಯ ಅಂಕಿ ಆರಕ್ಕೆ ಇಳಿಯಿತು. ಆದರೆ ಕೈ ಏಳಲಿಲ್ಲ. ಫಿಸಿಯೋಥೆರಪಿಯವಳು ಬಂದು ಭುಜವನ್ನು ಅತ್ತಿತ್ತ ಆಡಿಸಿ ನೋಡಿ, ವರ್ಷದ ಹಿಂದೆ ಯಾರಾದರೂ ನೋಡಿದ್ದರೆ ಬಿಡಿಸಬಹುದಿತ್ತು, ಈಗ ಇಷ್ಟೇ ಎಂದಳು. ವರ್ಷದ ಹಿಂದೆ ಒಬ್ಬ ನೋಡಿದ್ದ. ನಲವತ್ತು ಸೆಕೆಂಡು ನೋಡಿದ್ದ.

ಕೊನೆಯ ದಿನ ಮಧ್ಯಾಹ್ನ ಹೊಂಬಳ ಶೆಡ್ಡಿಗೆ ಬಂದ. ಹೊಸ ಪಾಠ ಕಲಿತ ತಾಯತ ಅವನ ತೋಳಿನಲ್ಲಿತ್ತು. ಮೂರು ದಿನದಿಂದ ಅದರ ಪರೀಕ್ಷೆಗೆಂದು ತಾನೇ ಕಟ್ಟಿಕೊಂಡು ತಿರುಗುತ್ತಿದ್ದ. ಹೆಂಗಸರು ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತ ಸುತ್ತ ನಿಂತರು.

"ತಿದ್ದಿದ ಮಾಪಕನ್ನ ಪ್ರಾಧಿಕಾರದವರು ಒಪ್ಪಿಕೊಂಡಾರ," ಎಂದ. "ನಾಳಿಯಿಂದ ಇಡೀ ರಾಜ್ಯಕ್ಕ ಇದ."

"ಅಂದ್ರ ಆರು ಬಂದವರಿಗೆ ಪಾಸು ಸಿಗತೈತಿ," ಎಂದಳು ಸ್ವಾತಿ.

ಅವನು ನೆಲ ನೋಡಿದ. "ಪಾಸಿನ ಅಂಕಿ ಐದು ಇತ್ತಲ್ರಿ. ಅದನ್ನ ಎಂಟಕ್ಕ ಏರಿಸ್ಯಾರ."

ಹಂಚಿನ ಮೇಲೆ ಒಂದು ರೊಟ್ಟಿ ಸೀಯತೊಡಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕತೆ ಕೇಳಿದ್ದೀರಿ. ಇಲ್ಲಿ ಜ್ವರ ಯಾರಿಗಿದೆಯೆಂದು ಸರಿಯಾಗಿ ಕಂಡುಕೊಂಡ ಮೇಲೂ ಬರೆ ಎಮ್ಮೆಗೇ ಬಿತ್ತು.

"ಮತ್ತ ಈ ಶೆಡ್ಡು?" ಎಂದಳು ತೇಜಸ್ವಿನಿ.

"ಮರುಪಾಠ ಮುಗೀತಲ್ರಿ. ಇವತ್ತಿಗೆ ಬೀಗ. ನಾ ಬರದೀನಿ, ಶೆಡ್ಡು ತೆರದಿಡ್ರಿ, ಇದ ಮದ್ದು ಅಂತ. ಅವರು ಓದಿಲ್ಲ, ಇಲ್ಲಾ ಓದಿ ಸುಮ್ಮನಾದ್ರು."

"ಅವತ್ತು ನನಗ ಒಂದು ಅಂದು ಪಾಸು ಕೊಡಲಿಲ್ಲ. ಇವತ್ತು ಆರು ಅಂತ ಒಪ್ಪಿಕೊಂಡು ಕೊಡಂಗಿಲ್ಲ." ಅವಳ ಧ್ವನಿ ಏರಲಿಲ್ಲ. "ಮೊದಲಿನ ಯಂತ್ರನ ಛಲೋ ಇತ್ತು. ಸುಳ್ಳರ ಅಂತ ಬೈಕೊಂತ ಕುಂದರತಿದ್ದೆ."

"ನಾ ಏನ್ ಮಾಡಲ್ರಿ? ನನ್ನ ಕೈಯಾಗ ಇದ್ದದ್ದು ಮಾಡೀನಿ."

"ನಿಮ್ಮ ಕೈ ಏಳತೈತಿ. ನನಗ ಅದ ಸಿಟ್ಟು."

ಹೊಂಬಳನಿಗೆ ಅಲ್ಲಿ ನಿಲ್ಲುವುದು ಕಷ್ಟವಾಯಿತು. ಮೂರು ವಾರದಿಂದ ಅವನಿಗೆ ನಿದ್ದೆಯಿರಲಿಲ್ಲ. ತಾಯತ ತಪ್ಪೆಂದು ಅವನು ಒಪ್ಪಿಕೊಂಡ ಮೇಲೆ ಪ್ರಯೋಗಾಲಯದಲ್ಲಿ ಅವನ ಕುರ್ಚಿಯ ಪಕ್ಕ ಊಟಕ್ಕೆ ಕೂರುತ್ತಿದ್ದವರು ಈಗ ದೂರದ ಮೇಜಿಗೆ ಹೋಗುತ್ತಿದ್ದರು. ಸೊಂಟದಿಂದ ಕುತ್ತಿಗೆಯವರೆಗೆ ಬೆನ್ನು ಮರದ ಹಲಗೆಯಾಗಿತ್ತು. ತಿರುಗಿ ಹೊರಡಬೇಕು ಎನ್ನುವಾಗ ತೇಜಸ್ವಿನಿ ಅವನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದಳು.

"ಅಲ್ರಿ, ನೀವು ಆರಾಮ ಅದೀರಿ?"

"ಹೂಂ ರೀ, ಆರಾಮ ಅದೀನಿ," ಎಂದ ಹೊಂಬಳ.

ಅವನ ತೋಳಿನ ಮೇಲೆ ತಾಯತ ಮೂರು ಸಲ ಗುಂಯ್‌ಗುಟ್ಟಿತು. ಮೂವತ್ತು ಜನ ಹೆಂಗಸರು ಬಗ್ಗಿ ನೋಡಿದರು. ಗಾಜಿನ ಮೇಲೆ ಕೆಂಪಗೆ ಏಳು ಎಂದಿತ್ತು.

"ಸೊನ್ನಿ ಬರಕೋರಿ ಅವರದು," ಎಂದು ತೇಜಸ್ವಿನಿ ಎಡಗೈಯಿಂದ ಹಂಚಿನ ಮೇಲಿನ ಕರಕಲು ರೊಟ್ಟಿಯನ್ನು ತೆಗೆದು ಹಾಕಿದಳು.

ಇದೆಲ್ಲ ಇನ್ನೂ ನಡೆಯಬೇಕಾದ ಮಾತು. ಒಣಜ್ವರ ಬಂದಿಲ್ಲ, ತಾಯತ ಹುಟ್ಟಿಲ್ಲ. ತೇಜಸ್ವಿನಿ ಈಗ ಐದನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ನಿನ್ನೆ ಸಂಜೆ ಕುಂಟೆಬಿಲ್ಲೆ ಆಡುವಾಗ ಬಿದ್ದು, ಭುಜ ಉಳುಕಿಸಿಕೊಂಡು, ಅಳು ತಡೆದುಕೊಂಡು ಮನೆಗೆ ಬಂದಳು. ನಡುಮನೆಯಲ್ಲಿ ಬೀಗರು ಕುಳಿತು ಚಹಾ ಕುಡಿಯುತ್ತಿದ್ದರು. "ಯಾಕವ್ವ, ಪೆಟ್ಟಾತೇನು?" ಎಂದರು ಯಾರೋ. ಅಡುಗೆಮನೆಯ ಬಾಗಿಲಲ್ಲಿ ನಿಂತ ಅವ್ವ ಕಣ್ಣಿನಲ್ಲೇ ಏನೋ ಹೇಳಿದಳು.

"ಏನಿಲ್ರಿ, ಆರಾಮ ಅದೀನಿ," ಎಂದಳು ಹುಡುಗಿ.

ಭಾಳ ಶಾಣ್ಯಾ ಹುಡುಗಿ ಎಂದು ಎಲ್ಲರೂ ಹೊಗಳಿದರು.